ಷಿಆನ್‌ನಲ್ಲಿ ತಿನ್ನಾಟ: ಬೇಯ್‌ಯುವಾನ್‌ಮೆನ್ನೋ, ಸಾಜಿನ್‌ಚಿಯಾವೋನೋ?

ಚೀನಾದ ಷಿಆನ್ ನಗರಕ್ಕೆ ಹೊರಟವರಿಗೆಲ್ಲ ಒಂದೇ ಸಲಹೆ: ಮುಸ್ಲಿಂ ಬೀದಿಗೆ ಹೋಗಿ, ಹಸಿದುಕೊಂಡು ಹೋಗಿ. ಯಾವ ಬೀದಿ ಅಂತ ಮಾತ್ರ ಯಾರೂ ಹೇಳುವುದಿಲ್ಲ. 1380ರಲ್ಲಿ ಕಟ್ಟಿದ ನಗಾರಿ ಗೋಪುರದ ಬೆನ್ನಿಗೇ ಶುರುವಾಗುವ ಬೇಯ್‌ಯುವಾನ್‌ಮೆನ್ ಒಂದು. ಅಲ್ಲಿಂದ ಪಶ್ಚಿಮಕ್ಕೆ ನಡೆದೇ ಹೋಗಬಹುದಾದ ಸಾಜಿನ್‌ಚಿಯಾವೋ ಇನ್ನೊಂದು. ಎರಡರಲ್ಲೂ ಅಂಗಡಿ ಇಟ್ಟವರು ಹೆಚ್ಚಾಗಿ ಹುಯ್, ಅಂದರೆ ಚೀನೀ ಮಾತನಾಡುವ ಮುಸ್ಲಿಮರು. ಅಕ್ಟೋಬರ್‌ನಲ್ಲಿ ನಾಲ್ಕು ದಿನ ಎರಡನ್ನೂ ಸುತ್ತಿದೆವು. ನಾನು ಸಸ್ಯಾಹಾರಿ, ನನ್ನವರು ಏನು ಕೊಟ್ಟರೂ ಬೇಡ ಅನ್ನದವರು.

ಕಣ್ಣಿಗೆ ಹಬ್ಬ ಬೇಕಾದರೆ ಬೇಯ್‌ಯುವಾನ್‌ಮೆನ್. ಸಂಜೆ ದೀಪ ಹತ್ತಿದ ಮೇಲೆ ಹೊಗೆ, ಜೀರಿಗೆ ಘಮ, ಕಡಲೆಕಾಯಿ ಮಿಠಾಯಿಯನ್ನು ಕೊಡತಿಯಲ್ಲಿ ಬಡಿಯುವ ಸದ್ದು. ಆದರೆ ಹತ್ತು ಅಂಗಡಿ ದಾಟುವಷ್ಟರಲ್ಲಿ ಅದೇ ದಾಳಿಂಬೆ ರಸ, ಅದೇ ಕಡ್ಡಿಗೆ ಚುಚ್ಚಿದ ಕುರಿ ಮಾಂಸ ಮತ್ತೆ ಬರುತ್ತದೆ. ನಾನು ತಿಂದ ಲಿಯಾಂಗ್‌ಪಿ, ಅಂದರೆ ಹಿಟ್ಟನ್ನು ತಟ್ಟೆಯಲ್ಲಿ ಹಬೆಗಿಟ್ಟು ಪಟ್ಟಿಯಾಗಿ ಕೊಯ್ದು ತಣ್ಣಗೆ ಕೊಡುವ ತಿಂಡಿ, ಬರೀ ವಿನೆಗರ್ ಹುಳಿ. ಚೆನ್ನಾಗಿದ್ದದ್ದು ಕೆಂಪು ಹಣ್ಣಿನ ಷಿಜ಼ಬಿಂಗ್ ಒಂದೇ: ಪರ್ಸಿಮನ್ ತಿರುಳನ್ನು ಹಿಟ್ಟಿಗೆ ಕಲಸಿ ಕರಿದ, ಒಳಗೆ ಸಿಹಿ ಹೂರಣದ ಬಿಲ್ಲೆ. ಬಿಸಿ ಇರುವಾಗಲೇ ತಿನ್ನಬೇಕು, ಆರಿದರೆ ಜಿಗುಟು.

ಸಾಜಿನ್‌ಚಿಯಾವೋಗೆ ಬೆಳಿಗ್ಗೆಯೇ ಹೋಗಬೇಕು. ನೋಡಲು ಏನೂ ಇಲ್ಲ. ಎಲೆಕ್ಟ್ರಿಕ್ ಸ್ಕೂಟರುಗಳು ಮೈಮೇಲೇ ಬರುತ್ತವೆ. ನನ್ನವರು ಮೊದಲ ದಿನ ಹುಲಾತಾಂಗ್ ಕುಡಿದರು, ದನದ ಮಾಂಸದ ಉಂಡೆ, ಆಲೂಗಡ್ಡೆ, ಎಲೆಕೋಸು ಹಾಕಿದ, ಕಾಳುಮೆಣಸಿನ ಖಾರದ ಗಟ್ಟಿ ಸಾರು. ಮಾರನೆಯ ದಿನ ಪಾವ್‌ಮೋ. ಇದರಲ್ಲಿ ರೊಟ್ಟಿಯನ್ನು ನಾವೇ ಕಾಳಿನ ಗಾತ್ರಕ್ಕೆ ಚಿವುಟಿ ಬಟ್ಟಲು ತುಂಬಿ ಕೊಟ್ಟರೆ ಅಡುಗೆಯವರು ಕುರಿ ಮಾಂಸದ ಸಾರಿನಲ್ಲಿ ಕುದಿಸುತ್ತಾರೆ. ಇವರು ದಪ್ಪ ದಪ್ಪ ತುಂಡು ಹಾಕಿದ್ದನ್ನು ನೋಡಿ ಪಕ್ಕದ ಮೇಜಿನ ಅಜ್ಜ ತಾನೇ ಎಳೆದುಕೊಂಡು ಚಿವುಟತೊಡಗಿದ! ಹಿಂದಿನ ಸಂಜೆ ಬೇಯ್‌ಯುವಾನ್‌ಮೆನ್‌ನಲ್ಲಿ ಇವರಿಗೆ ಸಿಕ್ಕಿದ್ದು ಯಂತ್ರ ಕತ್ತರಿಸಿದ ರೊಟ್ಟಿ, ಸಾರೇ ಹೀರಿರಲಿಲ್ಲ. ನನಗೆ ಮೋದಕದಷ್ಟೇ ಗಾತ್ರದ ಜಿಂಗ್‌ಗಾವ್ ಸಿಕ್ಕಿತು. ಅಂಟಕ್ಕಿ ಹಿಟ್ಟನ್ನು ಪುಟ್ಟ ಮರದ ಅಚ್ಚಿನಲ್ಲಿ ಹಬೆಗಿಟ್ಟು, ಕಡ್ಡಿ ಚುಚ್ಚಿ, ಎಳ್ಳು ಸಕ್ಕರೆಯಲ್ಲಿ ಹೊರಳಿಸುತ್ತಾರೆ. ನಾಲ್ಕು ತಿಂದೆ. ಲಿಯಾಂಗ್‌ಪಿಯೂ ಇಲ್ಲಿ ಬೇರೆಯೇ: ಹುಳಿಗಿಂತ ಮೆಣಸಿನೆಣ್ಣೆಯ ಪರಿಮಳ ಮುಂದು.

ಕೊಳ್ಳುವ ವಿಷಯದಲ್ಲಿ ಮಾತ್ರ ಬೇಯ್‌ಯುವಾನ್‌ಮೆನ್ ಗೆದ್ದಿತು, ಅದೂ ಪಕ್ಕದ ಹುವಾಜುಯೆ ಗಲ್ಲಿಯಿಂದ. ಗುಮ್ಮಟವಿಲ್ಲದೆ ಚೀನೀ ದೇಗುಲದಂತೆ ಕಾಣುವ ದೊಡ್ಡ ಮಸೀದಿಗೆ ಹೋಗುವ ದಾರಿ ಇದು. ಅಲ್ಲಿ ನೆರಳಾಟದ ಬೊಂಬೆ ಮಾರುತ್ತಾರೆ. ತೊಗಲು ಬೊಂಬೆಯಾಟ ನೋಡಿ ಬೆಳೆದವಳು ನಾನು. ಮೊದಲು ಕೊಟ್ಟದ್ದನ್ನು ಬೆಳಕಿಗೆ ಹಿಡಿದೆ. ಎಲ್ಲ ಕಡೆ ಒಂದೇ ಸಮ ಹೊಳೆಯಿತು, ಪ್ಲಾಸ್ಟಿಕ್. ಬೇಡ ಅಂತ ತಲೆಯಾಡಿಸಿದೆ. ಅಂಗಡಿಯಾಕೆ ನಕ್ಕು ಖಾನೆಯಿಂದ ದನದ ತೊಗಲಿನದು ತೆಗೆದಳು. ಕ್ಯಾಲ್ಕುಲೇಟರ್‌ನಲ್ಲಿ 180 ಒತ್ತಿದಳು, ನಾನು 60 ಒತ್ತಿದೆ, 90 ಯುವಾನ್‌ಗೆ ನಿಂತಿತು. ಇನ್ನೂ ಇಳಿಸಬಹುದಿತ್ತೇನೋ.

ಸಾಜಿನ್‌ಚಿಯಾವೋದಲ್ಲಿ ಕೊಂಡದ್ದು ಒಂದು ಪೊಟ್ಟಣ ಮೆಣಸಿನಪುಡಿ ಅಷ್ಟೇ. ಊರಿಗೆ ಬಂದ ಮೇಲೆ ಅಮ್ಮ ಮೂಸಿ ನೋಡಿ, “ಬ್ಯಾಡಗೀದು ತಾನೇ? ಇದನ್ನ ಅಲ್ಲಿಂದ ಹೊತ್ಕೊಂಡ್ ಬಂದ್ಯಾ?” ಅಂದರು.