ಇಟ್ಟುಕೊಳ್ಳುವುದೋ, ಮರಳಿಸುವುದೋ: ಕಾರವಾರದ ಮಳೆಯಲ್ಲಿ ಮೂರು ವಾಷಿಂಗ್ ಮಷಿನ್‌ಗಳು

ಹೊಸ ವಾಷಿಂಗ್ ಮಷಿನ್ ಮನೆಗೆ ಬಂದ ಮೂರನೆಯ ರಾತ್ರಿ ಪ್ಲಗ್ ಕಿತ್ತು, ಬಾಗಿಲು ತೆರೆದು, ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿದೆ. ಒಳಗಿನಿಂದ ಬೀಸುವ ಕಲ್ಲಿನಂತೆ ಸಣ್ಣಗೆ ಗರಗರ ಸದ್ದು ಬಂತು. ನಾಣ್ಯವೋ ಗುಂಡಿಯೋ ಸಿಕ್ಕಿಕೊಂಡಿರಬಹುದು ಎಂದು ಕೆಳಗಿನ ಫಿಲ್ಟರ್ ಬಿಚ್ಚಿ ನೋಡಿದೆ. ಏನೂ ಇರಲಿಲ್ಲ. ಬದಲಾಯಿಸಿಕೊಡುವ ಗಡುವು ಹತ್ತು ದಿನ. ಅದರಲ್ಲಿ ಮೂರು ಆಗಲೇ ಕಳೆದಿದ್ದವು.

ನಮ್ಮ ಮನೆ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆಗೆ. ಹನ್ನೊಂದು ವರ್ಷ ನಮ್ಮ ಬಟ್ಟೆ ಒಗೆದದ್ದು ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್. ನೀರು ನಾವೇ ತುಂಬಬೇಕು, ಒಗೆದ ಬಟ್ಟೆಯನ್ನು ನಾವೇ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ಅತ್ತೆಯವರ ಸೊಂಟನೋವು ಹೆಚ್ಚಿದ ಮೇಲೆ, ನಾನು ಕೆಲಸಕ್ಕೆ ಹೋದಾಗ ಆ ಎತ್ತಿಹಾಕುವ ಕೆಲಸ ಅವರಿಗೆ ಬೀಳಬಾರದು ಎಂದು ಈ ಜೂನ್ ಎರಡನೆಯ ವಾರ, ಮುಂಬದಿಯ ಬಾಗಿಲಿನಿಂದ ಬಟ್ಟೆ ಹಾಕುವ 8 ಕಿಲೋದ ಫ್ರಂಟ್ ಲೋಡ್ ತಂದೆವು. ಬೆಲೆ 32,500 ರೂಪಾಯಿ. ನಮ್ಮಂಥ ಮನೆಗೆ ಅದು ಸಣ್ಣ ಮೊತ್ತವಲ್ಲ. ಶಿರಸಿಯ ಹತ್ತಿರ ತೋಟದ ಮನೆಯಲ್ಲಿರುವ ಅಕ್ಕನ ಬಳಿ ಮೇಲಿನಿಂದ ಬಟ್ಟೆ ಹಾಕುವ 7 ಕಿಲೋದ ಟಾಪ್ ಲೋಡ್ ಇದೆ. ಹಾಗಾಗಿ ಮೂರು ಬಗೆಯನ್ನೂ ಒಂದೇ ವಾರದಲ್ಲಿ ಒರೆಗೆ ಹಚ್ಚುವ ಅವಕಾಶ ನನಗೆ ಸಿಕ್ಕಿತು. ಕಂಪನಿಗಳ ಹೆಸರು ಹೇಳುವುದಿಲ್ಲ. ಇಲ್ಲಿ ಬಗೆಯೇ ಮುಖ್ಯ.

ಮೊದಲ ಮೂರು ದಿನ ಹೊಸ ಮಷಿನ್ ನನ್ನನ್ನು ಸಾಕಷ್ಟು ಅಂಜಿಸಿತು. ಮೊದಲ ಒಗೆತದಲ್ಲೇ ಹಿಂಡುವ ಹೊತ್ತಿಗೆ ಅದು ಕುಣಿಯುತ್ತ ಗೋಡೆಯಿಂದ ಒಂದು ಗೇಣು ಮುಂದೆ ಬಂತು. ಹಿಂಬದಿ ನೋಡಿದರೆ, ಸಾಗಣೆಯಲ್ಲಿ ಡ್ರಮ್ ಅಲುಗದಂತೆ ಬಿಗಿದ ನಾಲ್ಕು ಉದ್ದನೆಯ ಬೋಲ್ಟುಗಳಲ್ಲಿ ಮೂರನ್ನು ಮಾತ್ರ ಜೋಡಿಸಲು ಬಂದವರು ಬಿಚ್ಚಿದ್ದರು. ನಾಲ್ಕನೆಯದು ಹಾಗೆಯೇ ಇತ್ತು. ಅದನ್ನು ತೆಗೆದು, ಕಾಲುಗಳನ್ನು ಮಟ್ಟಗೋಲು ಇಟ್ಟು ಸರಿಪಡಿಸಿದ ಮೇಲೆ ಮುಚ್ಚಳದ ಮೇಲಿಟ್ಟ ಲೋಟದ ನೀರೂ ತುಳುಕಲಿಲ್ಲ.

ಎರಡನೆಯದು ನೀರು. ಒಳಗೆ ನೀರು ಬರುತ್ತಿಲ್ಲವೆಂದು ಮಷಿನ್ ಪದೇ ಪದೇ ನಿಂತು ಕೂಗುತ್ತಿತ್ತು. ಪೈಪ್ ಬಿಚ್ಚಿದಾಗ ಬಾಯಿಯ ಜಾಲರಿಯಲ್ಲಿ ಕೆಂಪು ಕೆಸರು ಮೆತ್ತಿಕೊಂಡಿತ್ತು. ತೊಳೆದರೂ ಪೂರ್ತಿ ಸರಿಯಾಗಲಿಲ್ಲ. ಜೊತೆಗೆ ಬಂದ ಪುಸ್ತಕ ಕನಿಷ್ಠ 0.3 ಬಾರ್ ಒತ್ತಡ ಕೇಳುತ್ತದೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಅಂದರೆ ಮಷಿನ್ನಿನ ನಲ್ಲಿಗಿಂತ ಟ್ಯಾಂಕಿನ ತಳ ಮೂರು ಮೀಟರ್ ಮೇಲಿರಬೇಕು. ನಮ್ಮದು ಎಂಟೂವರೆ ಅಡಿ, ಅಂದರೆ ಸುಮಾರು 2.6 ಮೀಟರ್ ಮಾತ್ರ ಇತ್ತು. ಗಾರೆಯವರನ್ನು ಕರೆಸಿ ಟ್ಯಾಂಕಿನ ಕೆಳಗೆ ಮೂರು ಸಾಲು ಚಿರೆಕಲ್ಲು ಕಟ್ಟಿಸಿದೆವು. ಆಮೇಲೆ ಕೂಗು ನಿಂತಿತು.

ಮೂರನೆಯದು ನಿಜಕ್ಕೂ ಅಪಾಯದ್ದು. ಒದ್ದೆ ಬೆರಳಿನಿಂದ ಮಷಿನ್ನಿನ ಮೈ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಮಷಿನ್ನೇ ಕೆಟ್ಟದ್ದು ಎಂದು ಆ ದಿನ ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದೆ. ಎಲೆಕ್ಟ್ರಿಷಿಯನ್ ಬಂದು ಹಿತ್ತಿಲಿನ ಅರ್ತಿಂಗ್ ಗುಂಡಿ ಅಗೆದು ತೋರಿಸಿದರು: ಉಪ್ಪುಗಾಳಿಗೆ, ತೇವಕ್ಕೆ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಮಷಿನ್‌ಗಳಲ್ಲಿ ಅತಿ ಸಣ್ಣ ಪ್ರಮಾಣದ ವಿದ್ಯುತ್ ಮೈಗೆ ಬರುತ್ತಿರುತ್ತದೆ, ಅರ್ತಿಂಗ್ ಸರಿಯಿದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ ಎಂದು ಅವರು ವಿವರಿಸಿದರು. ಹಳೆಯ ಮಷಿನ್ನಿನ ಮೈ ಪ್ಲಾಸ್ಟಿಕ್ ಆದ್ದರಿಂದ ಇಷ್ಟು ವರ್ಷ ನಮಗೆ ಅದು ತಿಳಿದೇ ಇರಲಿಲ್ಲ. ಯಾವ ಬಗೆಯ ಮಷಿನ್ ಕೊಂಡರೂ ಸರಿ, ಕರಾವಳಿಯಲ್ಲಿರುವವರು ಮೊದಲು ಅರ್ತಿಂಗ್ ಪರೀಕ್ಷೆ ಮಾಡಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಈ ಮೂರೂ ನಮ್ಮ ಮನೆಯ ಮತ್ತು ಜೋಡಣೆಯ ತಪ್ಪುಗಳು. ಇವನ್ನು ಬಿಡಿಸಿ ಬದಿಗಿಟ್ಟ ಮೇಲೆ ಉಳಿದದ್ದು ಆ ಗರಗರ ಸದ್ದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಸದ್ದಿಗೆ ಮೊದಲು ನಾನು ತಿಳಿಯಬೇಕಿದ್ದದ್ದು, ಫ್ರಂಟ್ ಲೋಡ್ ಎಂಬ ಬಗೆಯೇ ನಮಗೆ ಬೇಕೇ ಎಂಬುದು. ಬೇಡವಾದರೆ ಹಣ ವಾಪಸು ಕೇಳಬೇಕು. ಬೇಕಾದರೆ ಅದೇ ಮಾದರಿಯ ಇನ್ನೊಂದನ್ನು ಕೇಳಬೇಕು.

ಕಾರವಾರದ ಮಳೆಗಾಲದಲ್ಲಿ ಒಗೆಯುವುದು ಕಷ್ಟವಲ್ಲ, ಒಣಗಿಸುವುದು ಕಷ್ಟ. ಜೂನ್ ಹಿಡಿದು ಸೆಪ್ಟೆಂಬರ್ ತನಕ ಜಗಲಿಯ ಹಗ್ಗದ ಮೇಲಿನ ಬಟ್ಟೆ ಮುಗ್ಗಲು ವಾಸನೆ ಹಿಡಿಯುವ ಮೊದಲು ಒಣಗಬೇಕು. ಆದ್ದರಿಂದ ನನ್ನ ಮುಖ್ಯ ಪರೀಕ್ಷೆ ತಕ್ಕಡಿಯದು. ಒಣಗಿದಾಗ 450 ಗ್ರಾಂ ತೂಗುವ ಒಂದು ದಪ್ಪ ಟವೆಲನ್ನು ಆರಿಸಿಕೊಂಡು, ಪ್ರತಿ ಮಷಿನ್ನಿನಲ್ಲಿ ಹಿಂಡಿಸಿದ ಮೇಲೆ ಕೊಕ್ಕೆ ತಕ್ಕಡಿಗೆ ತೂಗುಹಾಕಿದೆ. ಫ್ರಂಟ್ ಲೋಡಿನಿಂದ ಬಂದಾಗ 695 ಗ್ರಾಂ. ಹಳೆಯ ಸೆಮಿ ಆಟೋಮ್ಯಾಟಿಕ್‌ನಿಂದ 740. ಅಕ್ಕನ ಟಾಪ್ ಲೋಡಿನಿಂದ 805. ಒಂದು ಟವೆಲಿನಲ್ಲೇ 110 ಗ್ರಾಂ ನೀರಿನ ವ್ಯತ್ಯಾಸವೆಂದರೆ, ಎರಡು ಹೊದಿಕೆ, ನಾಲ್ಕು ಟವೆಲು, ಮಗನ ಸಮವಸ್ತ್ರ ಎಲ್ಲ ಸೇರಿದರೆ ಹಗ್ಗದ ಮೇಲೆ ಎಷ್ಟು ನೀರು ನೇತಾಡುತ್ತದೆ ಎಂದು ಲೆಕ್ಕ ಹಾಕಬಹುದು.

ಇದರಲ್ಲಿ ನನಗೆ ಅಚ್ಚರಿ ತಂದ ಸಂಗತಿ ಒಂದಿದೆ. ನಮ್ಮ ಹಳೆಯ ಮಷಿನ್ನಿನ ಹಿಂಡುವ ತೊಟ್ಟಿ ನಿಮಿಷಕ್ಕೆ 1300 ಸುತ್ತು ತಿರುಗುತ್ತದೆ ಎಂದು ಅದರ ಮೈಮೇಲೆ ಬರೆದಿದೆ. ಹೊಸದು 1200 ಮಾತ್ರ. ಆದರೂ ಹೊಸದೇ ಹೆಚ್ಚು ಹಿಂಡಿತು. ಕಾರಣ ಡ್ರಮ್ಮಿನ ಅಗಲ. ಅಷ್ಟೇ ಸುತ್ತು ತಿರುಗಿದರೂ ಅಗಲವಾದ ಡ್ರಮ್ಮಿನ ಅಂಚಿನಲ್ಲಿರುವ ಬಟ್ಟೆಗೆ ಎಸೆತ ಹೆಚ್ಚು, ನೀರು ಹೆಚ್ಚು ಹೊರಬೀಳುತ್ತದೆ. ಅಕ್ಕನ ಟಾಪ್ ಲೋಡಿನ ಡ್ರಮ್ ಅಗಲವಾಗಿಯೇ ಇದೆ, ಆದರೆ ಸುತ್ತು 700 ಮಾತ್ರ. ಅಂಗಡಿಯಲ್ಲಿ ಸುತ್ತಿನ ಸಂಖ್ಯೆಯೊಂದನ್ನೇ ನೋಡಿ ಕೊಂಡರೆ ಮೋಸಹೋಗುತ್ತೇವೆ.

ಅಕ್ಕನಿಗೆ ಈ ವ್ಯತ್ಯಾಸ ಅಷ್ಟು ಮುಖ್ಯವಲ್ಲ. ಅವಳ ಮನೆಯಲ್ಲಿ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿದ್ದಾರೆ. ಸಂಜೆ ನೀರು ಕಾಯಿಸುವ ಉರಿಗೆ ಒದ್ದೆ ಬಟ್ಟೆ ಬೆಳಗಾಗುವಷ್ಟರಲ್ಲಿ ಒಣಗುತ್ತದೆ, ಸ್ವಲ್ಪ ಹೊಗೆ ವಾಸನೆ ಬರುತ್ತದೆ ಅಷ್ಟೆ. ನಮ್ಮಲ್ಲಿ ಗ್ಯಾಸ್ ಗೀಸರ್ ಬಂದು ಒಲೆ ಹೋಗಿ ಎಷ್ಟೋ ವರ್ಷವಾಯಿತು. ಭಾನುವಾರ ದೇವಿಮನೆ ಘಟ್ಟ ಹತ್ತಿ ಕೊಳೆಬಟ್ಟೆಯ ಗಂಟಿನೊಂದಿಗೆ ಅವಳ ಮನೆಗೆ ಹೋದಾಗ, “ಬೇಗ ಮುಗಿಯುವುದು ಬೇಕೋ, ಬೇಗ ಒಣಗುವುದು ಬೇಕೋ, ಅದನ್ನು ಮೊದಲು ನಿಶ್ಚಯ ಮಾಡಿಕೊ. ಎರಡೂ ಬೇಕೆಂದರೆ ಯಾವ ಮಷಿನ್ನೂ ಕೊಡುವುದಿಲ್ಲ” ಎಂದಳು. ಅವಳ ಮಾತು ಸರಿ. ಟಾಪ್ ಲೋಡ್ 55 ನಿಮಿಷದಲ್ಲಿ ಮುಗಿಸಿತು. ನಮ್ಮದು ಹತ್ತಿ ಬಟ್ಟೆಗೆ ಎರಡು ಗಂಟೆ ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ.

ಎರಡು ಗಂಟೆ ಎಂದೊಡನೆ ವಿದ್ಯುತ್ತಿನ ಮಾತು ಬರುತ್ತದೆ. ಗಾಳಿಮಳೆಯ ದಿನ ಒಂದೇ ಒಗೆತದ ನಡುವೆ ಮೂರು ಸಲ ಕರೆಂಟು ಹೋಯಿತು. ಬಂದಾಗಲೆಲ್ಲ ಫ್ರಂಟ್ ಲೋಡ್ ನಿಂತಲ್ಲಿಂದಲೇ ಮುಂದುವರಿಯಿತು. ಅಕ್ಕನದೂ ಹಾಗೆಯೇ ಮಾಡುತ್ತದೆ. ಆದರೆ ಕರೆಂಟು ಮೂರು ಗಂಟೆ ಬಾರದಿದ್ದರೆ ಟಾಪ್ ಲೋಡಿನ ಮುಚ್ಚಳ ಎತ್ತಿ ಬಟ್ಟೆ ತೆಗೆದುಕೊಳ್ಳಬಹುದು. ಫ್ರಂಟ್ ಲೋಡಿನಲ್ಲಿ ನೀರು ಇದ್ದಾಗ ಬಾಗಿಲು ತೆರೆಯುವಂತಿಲ್ಲ. ಕೆಳಗಿನ ಸಣ್ಣ ಪೈಪಿನಿಂದ ತಟ್ಟೆ ತಟ್ಟೆಯಾಗಿ ನೀರು ಬಸಿದು ತೆಗೆಯಬೇಕು. ಒಮ್ಮೆ ಮೇಣದಬತ್ತಿ ಬೆಳಕಿನಲ್ಲಿ ಅದನ್ನೂ ಮಾಡಿ ನೋಡಿದೆ, ಇಪ್ಪತ್ತೈದು ನಿಮಿಷ ಹಿಡಿಯಿತು. ಈ ಪರೀಕ್ಷೆಯಲ್ಲಿ ಗೆದ್ದದ್ದು ಹಳೆಯದೇ. ಅದರದ್ದು ಸ್ಪ್ರಿಂಗಿನ ಟೈಮರ್, ಕೆಡಲು ಎಲೆಕ್ಟ್ರಾನಿಕ್ ಬೋರ್ಡೇ ಇಲ್ಲ. ಕರೆಂಟು ಏರಲಿ ಇಳಿಯಲಿ, ಅದು ತನ್ನ ಪಾಡಿಗೆ ತಿರುಗುತ್ತದೆ.

ನೀರಿನ ಲೆಕ್ಕಕ್ಕೆ ಹೊರಹೋಗುವ ಪೈಪನ್ನು 15 ಲೀಟರಿನ ಬಕೆಟ್ಟಿಗೆ ಬಿಟ್ಟು ಎಣಿಸಿದೆ. ಫ್ರಂಟ್ ಲೋಡಿಗೆ ನಾಲ್ಕು ಬಕೆಟ್ ತುಂಬಲಿಲ್ಲ, ಟಾಪ್ ಲೋಡಿಗೆ ಎಂಟು ತುಂಬಿತು. ಹಳೆಯದಕ್ಕೆ ಎರಡು ಸಲ ಜಾಲಿಸಿದರೆ ಏಳು. ಜೂನ್‌ನಲ್ಲಿ ಇದು ಯಾರಿಗೂ ತಟ್ಟದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಾವಿಯ ನೀರು ಉಪ್ಪಾಗಿ ಹೊರಗಿನಿಂದ ಟ್ಯಾಂಕರ್ ತರಿಸುವಾಗ ಒಂದೊಂದು ಬಕೆಟ್ಟಿಗೂ ಬೆಲೆಯಿದೆ.

ಬಿಳುಪಿನ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕು. ಅತಿ ಬೆಳ್ಳಗೆ ಬಂದದ್ದು ಅಕ್ಕನ ಮನೆಯಲ್ಲಿ ಒಗೆದ ಅಂಗಿ. ಆದರೆ ಅಲ್ಲಿಗೆ ಬರುವುದು ಬೆಟ್ಟದ ಅಬ್ಬಿ ನೀರು. ನಮ್ಮದು ಚಿರೆಕಲ್ಲಿನ ನೆಲದ ಬಾವಿ, ನೀರಿನಲ್ಲಿ ಕಬ್ಬಿಣದ ಅಂಶವಿದೆ. ಆ ಬಿಳುಪು ನೀರಿನದೇ ಹೊರತು ಮಷಿನ್ನಿನದಲ್ಲ. ಇಂಥ ನೀರಿಗೆ ಬ್ಲೀಚ್ ಹಾಕಬೇಡಿ, ಅದು ಕಬ್ಬಿಣವನ್ನು ಬಟ್ಟೆಯ ಮೇಲೆಯೇ ತುಕ್ಕಾಗಿಸಿ ಹಳದಿಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಅಡಿಕೆ ಬೇಯಿಸುವಾಗ ಸಿಡಿದ ಚೊಗರಿನ ಕಲೆಯಿದ್ದ ಭಾವನ ಹಳೆಯ ಪಂಚೆಯೊಂದನ್ನು ಮೂರೂ ಮಷಿನ್ನಿಗೆ ಹಾಕಿ ನೋಡಿದೆ. ಯಾವುದರಲ್ಲೂ ಹೋಗಲಿಲ್ಲ.

ಇನ್ನು ಬಾಳಿಕೆ. ಹಳೆಯದಕ್ಕೆ ಹನ್ನೊಂದು ವರ್ಷದಲ್ಲಿ ಎರಡು ಸಲ ಬೆಲ್ಟು, ಒಂದು ಸಲ ಕೆಪಾಸಿಟರ್ ಬದಲಿಸಿದ್ದೇವೆ. ಕೊನೆಯ ಸಲ 350 ರೂಪಾಯಿ, ಕರೆದ ಸಂಜೆಯೇ ಬಂದು ಮುಗಿಸಿದರು. ಪ್ಲಾಸ್ಟಿಕ್ ಮೈಗೆ ತುಕ್ಕಿಲ್ಲ. ಹೊಸದರ ಮೈ ಬಣ್ಣ ಬಳಿದ ಉಕ್ಕು. ಎಲ್ಲಿ ಗೀರಾದರೂ ನಮ್ಮ ಉಪ್ಪುಗಾಳಿ ಅಲ್ಲಿಂದಲೇ ತಿನ್ನಲು ಶುರುಮಾಡುತ್ತದೆ. ವಾರಂಟಿಯನ್ನು ಕೂತು ಓದಿದೆ. “10 ವರ್ಷ” ಎಂದು ದೊಡ್ಡದಾಗಿ ಬರೆದದ್ದು ಮೋಟರಿಗೆ ಮಾತ್ರ. ತೇವಕ್ಕೆ, ಇರುವೆಗೆ, ಹಲ್ಲಿಗೆ ಮೊದಲು ಬಲಿಯಾಗುವ ಬೋರ್ಡಿಗೆ ಇರುವುದು 2 ವರ್ಷ. ಡ್ರಮ್ ಸಲೀಸಾಗಿ ತಿರುಗಲು ಆಧಾರವಾದ ಬೇರಿಂಗಿಗೂ ಅಷ್ಟೆ.

ಒಣಗಿಸುವುದೇ ನಮ್ಮ ಕಷ್ಟವಾದ್ದರಿಂದ ಫ್ರಂಟ್ ಲೋಡೇ ಇರಲಿ ಎಂದುಕೊಂಡೆ. ಈಗ ಆ ಸದ್ದು. ಪೇಟೆಯ ಅಂಗಡಿಗೆ ಹೋಗಿ, ಪ್ರದರ್ಶನಕ್ಕಿಟ್ಟ ಅದೇ ಮಾದರಿಯ ಬಾಗಿಲು ತೆರೆದು ಡ್ರಮ್ ತಿರುಗಿಸಿದೆ. ಎಣ್ಣೆಯಲ್ಲಿ ತಿರುಗಿದಂತೆ ತಿರುಗಿತು, ಸದ್ದೇ ಇಲ್ಲ. ಅಂಚನ್ನು ಹಿಡಿದು ಮೇಲಕ್ಕೆ ಎತ್ತಿದೆ. ಡ್ರಮ್ಮೂ ಹೊರಗಿನ ತೊಟ್ಟಿಯೂ ಒಟ್ಟಿಗೇ ಎದ್ದವು. ನಮ್ಮ ಮನೆಯದರಲ್ಲಿ ಡ್ರಮ್ ಮಾತ್ರ ಒಂದು ಎಳೆಯಷ್ಟು ಮೊದಲು ಮಿಸುಕಿ ಆಮೇಲೆ ತೊಟ್ಟಿ ಏಳುತ್ತಿತ್ತು. ನಮ್ಮದರ ಬೇರಿಂಗೇ ಸರಿಯಿಲ್ಲವೆಂದು ಅಲ್ಲಿಗೆ ನನಗೆ ಖಚಿತವಾಯಿತು. ಎರಡನ್ನೂ ಮೊಬೈಲಿನಲ್ಲಿ ಸದ್ದು ಕೇಳುವಂತೆ ಚಿತ್ರಿಸಿಕೊಂಡೆ.

ಆರನೆಯ ದಿನ ತಪಾಸಣೆಗೆ ಬಂದ ಹುಡುಗ, “ಅಕ್ಕಾ, ಹೊಸದರಲ್ಲಿ ಹೀಗೇ ಇರುತ್ತದೆ. ಹತ್ತು ಒಗೆತ ಆಗಲಿ, ತಾನಾಗಿಯೇ ಸರಿಹೋಗುತ್ತದೆ” ಎಂದ. ಬೆಲ್ಟಿನ ಕಿರುಚು ಕಡಿಮೆಯಾಗಬಹುದು, ಆದರೆ ಸವೆದ ಬೇರಿಂಗ್ ತಾನಾಗಿ ಸರಿಹೋಗುವುದಿಲ್ಲ. ಅನೇಕ ಮಾದರಿಗಳಲ್ಲಿ ಬೇರಿಂಗ್ ಕೂತಿರುವ ತೊಟ್ಟಿಯನ್ನು ಬೆಸೆದು ಮುಚ್ಚಿರುತ್ತಾರೆ. ಹೋದರೆ ಇಡೀ ತೊಟ್ಟಿಯನ್ನೇ ಬದಲಿಸಬೇಕು. ಹತ್ತು ಒಗೆತ ಮುಗಿಯುವ ಹೊತ್ತಿಗೆ ನನ್ನ ಹತ್ತು ದಿನವೂ ಮುಗಿದಿರುತ್ತದೆ. ಎರಡು ಚಿತ್ರಗಳನ್ನೂ ಅವನಿಗೆ ಒಂದರ ನಂತರ ಒಂದು ತೋರಿಸಿದೆ. ಕೂತು ಕೇಳಿದ. ಎದ್ದು ತಾನೇ ಡ್ರಮ್ ತಿರುಗಿಸಿದ. ಮರುಮಾತಿಲ್ಲದೆ ಹಾಳೆಯಲ್ಲಿ ದೋಷವೆಂದು ಬರೆದು ಸಹಿ ಮಾಡಿದ. ಅವನ ಮೇಲೆ ನನಗೆ ಗೌರವವೇ ಇದೆ.

ಒಂಬತ್ತನೆಯ ದಿನ ಅದೇ ಮಾದರಿಯ ಇನ್ನೊಂದು ಬಂತು. ನಾಲ್ಕೂ ಬೋಲ್ಟುಗಳನ್ನು ನನ್ನ ಕೈಗೆ ಎಣಿಸಿ ಕೊಟ್ಟ ಮೇಲೆಯೇ ಜೋಡಿಸುವವರನ್ನು ಕಳುಹಿಸಿದೆ. ಡ್ರಮ್ ತಿರುಗಿಸಿದೆ, ಎತ್ತಿ ನೋಡಿದೆ, ಟವೆಲ್ ತೂಗಿದೆ: 690 ಗ್ರಾಂ. ಈಗ ಇಪ್ಪತ್ತಮೂರು ಒಗೆತ ಆಗಿದೆ. ಪ್ರತಿ ಭಾನುವಾರ ಒಮ್ಮೆ ಕೈಯಿಂದ ತಿರುಗಿಸಿ ಕೇಳುತ್ತೇನೆ. ಬಾಗಿಲ ರಬ್ಬರಿನ ಮಡಿಕೆಯಲ್ಲಿ ಸೇರುವ ಮರಳನ್ನು ಒರೆಸಿ, ಬಾಗಿಲು ತೆರೆದೇ ಬಿಡುತ್ತೇನೆ. ಸೋಪಿನ ಪುಡಿ ಹೇಳಿದ್ದರ ಅರ್ಧ ಸಾಕು, ನಮ್ಮ ಬಾವಿನೀರಿಗೆ ನೊರೆ ಹೆಚ್ಚು.

ಅಕ್ಕನ ಹಾಗೆ ಒಲೆಯೂ ಅಬ್ಬಿ ನೀರೂ ಇದ್ದಿದ್ದರೆ ಅರ್ಧ ಬೆಲೆಗೆ ಟಾಪ್ ಲೋಡ್ ತಂದು ನೆಮ್ಮದಿಯಾಗಿ ಇರುತ್ತಿದ್ದೆ. ಬಾಗುವ ಸೊಂಟ ಗಟ್ಟಿಯಿದ್ದರೆ ಹಳೆಯದೇ ಸಾಕಿತ್ತು. ಅದನ್ನು ನಾವು ಮಾರಿಲ್ಲ. ಬಂದರಿನ ಕೆಲಸದಿಂದ ಯಜಮಾನರು ತರುವ ಗ್ರೀಸು ಮೆತ್ತಿದ ಪ್ಯಾಂಟು, ಮರಳು ಸುರಿಯುವ ಗೋಣಿತಾಟು ಎಲ್ಲ ಇಂದಿಗೂ ಅದಕ್ಕೇ ಹೋಗುತ್ತವೆ. ಅವರೇ ಹಾಕಿ, ಅವರೇ ಎತ್ತಿ ಹಿಂಡುತ್ತಾರೆ.