ಡಸ್ಟ್ ಕಲೆಕ್ಟರ್ ಇರುವ ಚಿನ್ನದ ಪಾಲಿಷ್ ಮೆಷಿನ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಎರಡು ಸ್ಪಿಂಡಲ್ (ಪಾಲಿಷ್ ಚಕ್ರ ಸಿಕ್ಕಿಸುವ ತಿರುಗುವ ದಂಡ), 1 ಎಚ್‌ಪಿ ಮೋಟಾರು, 2,800 ಆರ್‌ಪಿಎಂ. ಚಕ್ರಗಳ ಕೆಳಗೆ ಜಾಲರಿ ಟ್ರೇ, ಹಿಂದೆ ಫ್ಯಾನು, ಅದರಾಚೆ ಬಟ್ಟೆಯ ಫಿಲ್ಟರ್ ಚೀಲ. 22 ಮತ್ತು 18 ಕ್ಯಾರೆಟ್ ಎರಡೂ ನಡೆಯುವ ಸಣ್ಣ ವರ್ಕ್‌ಶಾಪಿನಲ್ಲಿ ಬಳಸಿ ಹೇಳುವ ಮಾತಿದು: ಧೂಳು ಹೀರುವುದು ಚೆನ್ನಾಗಿದೆ, ಹೀರಿದ್ದನ್ನು ಹೊರತೆಗೆಯುವ ವ್ಯವಸ್ಥೆ ಕಳಪೆ. ಧೂಳಿನಲ್ಲಿ ಚಿನ್ನ ಇರುವುದರಿಂದ ದುಡ್ಡು ಇರುವುದು ಮಾತ್ರ ಈ ಎರಡನೆಯದರಲ್ಲೇ.

ಹುಡ್‌ನ (ಚಕ್ರವನ್ನು ಆವರಿಸಿ ಧೂಳು ಹೀರುವ ಮುಸುಕಿನ) ಅಳತೆ 4 ಇಂಚಿನ ಚಕ್ರಕ್ಕೆ ಸರಿಹೊಂದುತ್ತದೆ. ಅಂಚಿನ ವೇಗ ಸೆಕೆಂಡಿಗೆ ಸುಮಾರು 15 ಮೀಟರ್ ಇರುತ್ತದೆ, ಧೂಳು ಕೆಳಕ್ಕೂ ಹಿಂದಕ್ಕೂ ಚಿಮ್ಮಿ ನೇರ ಹುಡ್‌ನ ಬಾಯಿಗೆ ಬೀಳುತ್ತದೆ. 6 ಇಂಚಿನದು ಹಾಕಿದರೆ ವೇಗ 22 ಮೀಟರಿಗೆ ಏರಿ, ಚಕ್ರ ಹುಡ್‌ನ ಹೊರಗೆ ಚಾಚುತ್ತದೆ. ಕೆಲಸಗಾರನ ಏಪ್ರನ್ನಿನ ಮೇಲೆ ಕೆಂಪು ಗೆರೆ ಬಿದ್ದಿದ್ದರೆ ಅದರಲ್ಲಿ ರೂಜ್ (ಪಾಲಿಷ್‌ಗೆ ಬಳಸುವ ಕೆಂಪು ಪುಡಿ) ಜೊತೆ ಚಿನ್ನವೂ ಇದೆ ಎಂದೇ ತಿಳಿಯಬೇಕು. ಹೀರುವ ಬಲ ನೋಡಲು ಮೀಟರ್ ಬೇಡ, ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಹುಡ್ ಬಾಯಿಗೆ ಹಿಡಿಯಿರಿ. ಒಳಕ್ಕೆ ಸೆಟೆದು ನಿಂತರೆ ಸರಿ. ಜೋತು ಬಿದ್ದರೆ ಚೀಲ ಕಟ್ಟಿದೆ.

ಕಟ್ಟುವುದು ಬರೀ ಧೂಳಿನಿಂದಲ್ಲ. ಬಫ್ ಚಕ್ರದ ಹತ್ತಿ ನಾರು, ಪಾಲಿಷ್ ಕಡ್ಡಿಯ ಮೇಣ, ರೂಜ್ ಮೂರೂ ಸೇರಿ ಚೀಲದ ಒಳಮೈಗೆ ಕಂಬಳಿಯಂತೆ ಮೆತ್ತಿಕೊಳ್ಳುತ್ತವೆ. ಕೋಲಿನಿಂದ ಬಡಿದರೆ ಆ ಪದರ ಬೀಳುವುದಿಲ್ಲ, ನುಣುಪು ಪುಡಿ ಮಾತ್ರ ಬಟ್ಟೆ ದಾಟಿ ಕೋಣೆಗೆ ಹಾರುತ್ತದೆ. ಬ್ರಷ್‌ನಿಂದ ಕೆರೆದು ತೆಗೆಯಬೇಕು. ಆದರೆ ತಯಾರಕರು ಚೀಲವನ್ನು ಒಳಗಿನ ಎಂಟು ಸ್ಕ್ರೂಗಳ ಹಿಂದೆ ಸಿಕ್ಕಿಸಿದ್ದಾರೆ. ಬಿಚ್ಚುವಾಗ ತಳದಲ್ಲಿ ಕಾಗದ ಹಾಸದಿದ್ದರೆ ಉದುರಿದ್ದು ನೆಲದ ಪಾಲು. ಬೆಲೆ ಸ್ವಲ್ಪ ಹೆಚ್ಚಾದರೂ ಕ್ಲಿಪ್ ಬಾಗಿಲಿನ ಮಾದರಿಯನ್ನೇ ಕೊಳ್ಳಿ.

ಜೊತೆಗೆ ಬರುವ ಪಾಲಿಯೆಸ್ಟರ್ ಚೀಲದ ಬದಲು ದಪ್ಪ ಹತ್ತಿ ಡ್ರಿಲ್ ಬಟ್ಟೆಯಲ್ಲಿ ಹೊಲಿಸಿಕೊಳ್ಳುವುದು ಲೇಸು. ಮೆತ್ತಿದ ಚಿನ್ನ ತೆಗೆಯಲು ಹಳೆಯ ಚೀಲವನ್ನು ಕೊನೆಗೆ ಸುಡಲೇಬೇಕಲ್ಲ. ಹತ್ತಿ ಉರಿದು ಬೂದಿಯಾಗುತ್ತದೆ; ಪಾಲಿಯೆಸ್ಟರ್ ಕರಗಿ ಕರಿ ಗಂಟಾಗಿ ಚಿನ್ನವನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿಗೆ ಇರುವ ತೊಂದರೆ ಬೆಂಕಿ. ಈ ಯಂತ್ರದಲ್ಲಿ ಉಕ್ಕಿನ ಉಪಕರಣ ಉಜ್ಜಿ ಕಿಡಿ ಎಬ್ಬಿಸಬಾರದು.

ಸುಡುವುದಕ್ಕೆ ಮೊದಲು ಒಣ ಧೂಳಿನ ಮೇಲೆ ಆಯಸ್ಕಾಂತ ಆಡಿಸಿ ಅರದ ಹಲ್ಲು, ಗರಗಸದ ಚೂರು ತೆಗೆಯಿರಿ. ಸುಟ್ಟ ಮೇಲೆ ಇದನ್ನು ಮಾಡಬೇಡಿ: ರೂಜ್ ಎಂಬುದು ಕಬ್ಬಿಣದ ಆಕ್ಸೈಡ್, ಮೇಣದ ಇಂಗಾಲದ ಜೊತೆ ಕಾದರೆ ಅದರಲ್ಲಿ ಒಂದಷ್ಟು ಆಯಸ್ಕಾಂತಕ್ಕೆ ಅಂಟುವ ರೂಪಕ್ಕೆ ತಿರುಗುತ್ತದೆ, ಎಳೆದಾಗ ಚಿನ್ನದ ಕಣಗಳೂ ಜೊತೆಗೆ ಹೋಗುತ್ತವೆ. ಕಬ್ಬಿಣದ ತಟ್ಟೆಯಲ್ಲಿ, ಹೊಗೆ ಹೊರಹೋಗುವ ಕಡೆ, ಬ್ಲೋವರ್ ಇಲ್ಲದೆ ಸಣ್ಣ ಉರಿಯಲ್ಲಿ ಸುಡಿ. ಗಾಳಿ ಊದಿದರೆ ಬೂದಿಯೊಂದಿಗೆ ಚಿನ್ನವೂ ಹಾರುತ್ತದೆ. ಕಪ್ಪು ಹೋಗಿ ಕೆಂಪು-ಬೂದು ಬಣ್ಣ ಬಂದ ಮೇಲೆ ಅರೆದು ಜರಡಿ ಹಿಡಿಯಿರಿ.

ಬೂದಿಗೆ ಬಿಳಿಗಾರ, ಸೋಡಾ ಆಶ್ ಸೇರಿಸಿ ಮೂಸೆಯಲ್ಲಿ ಕರಗಿಸಬಹುದು. ಚಿನ್ನ ಕರಗುವುದು 1,064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ ಅಷ್ಟು ಶಾಖ ಸಾಲದು. ಕಿಟ್ಟ (ಚಿನ್ನದ ಮೇಲೆ ತೇಲುವ ಕರಗಿದ ಕಸ) ನೀರಾಗಿ ಹರಿಯಬೇಕು. ಅದು ಜಿಗುಟಾಗಿದ್ದರೆ ಸಣ್ಣ ಮಣಿಗಳು ತಳಕ್ಕೆ ಇಳಿಯದೆ ನಡುವೆಯೇ ನೇತಾಡುತ್ತವೆ. ತಣಿದ ಕಿಟ್ಟವನ್ನು ಕುಟ್ಟಿ ನೋಡದೆ ಎಸೆಯಬೇಡಿ.

ಯಂತ್ರದ ದೊಡ್ಡ ದೋಷ, ಎರಡು ಸ್ಪಿಂಡಲ್‌ಗೂ ಒಂದೇ ಚೀಲ. ಎಡಕ್ಕೆ 22, ಬಲಕ್ಕೆ 18 ಎಂದು ಬೇರ್ಪಡಿಸಿದರೂ ಹಿಂದೆ ಎಲ್ಲವೂ ಕಲಸಿ ಹೋಗುತ್ತದೆ. ಎರಡೂ ಚಿನ್ನವೇ ಆದ್ದರಿಂದ ಶುದ್ಧೀಕರಣಕ್ಕೆ ಹೋಗುವಾಗ ನಷ್ಟವಿಲ್ಲ. ಬೆಳ್ಳಿ ಸೇರಿದರೆ ತಲೆನೋವು. ಕರಗಿಸಿದ ಗಟ್ಟಿಯಲ್ಲಿ ಬೆಳ್ಳಿ ಸುಮಾರು ಶೇ. 10 ದಾಟಿದರೆ ಆಕ್ವಾ ರೀಜಿಯಾದಲ್ಲಿ (ಚಿನ್ನ ಕರಗಿಸುವ ನೈಟ್ರಿಕ್-ಹೈಡ್ರೋಕ್ಲೋರಿಕ್ ಆಮ್ಲ ಮಿಶ್ರಣ) ಬೆಳ್ಳಿಯ ಕ್ಲೋರೈಡ್ ಪದರ ಕಟ್ಟಿ, ಒಳಗಿನ ಚಿನ್ನಕ್ಕೆ ಆಮ್ಲ ತಾಗುವುದೇ ಇಲ್ಲ. ಆಗ ಮತ್ತಷ್ಟು ಬೆಳ್ಳಿ ಸೇರಿಸಿ ಚಿನ್ನದ ಪ್ರಮಾಣವನ್ನು ಕಾಲು ಭಾಗಕ್ಕೆ ಇಳಿಸಿ, ನೈಟ್ರಿಕ್ ಆಮ್ಲದಲ್ಲಿ ಬೇರ್ಪಡಿಸಬೇಕಾಗುತ್ತದೆ. ಬೆಳ್ಳಿಗೆ ಬೇರೆ ಮೆಷಿನ್ ಇಟ್ಟುಕೊಳ್ಳುವುದೇ ಅಗ್ಗ.

ಈ ಆಮ್ಲದ ಕೆಲಸವನ್ನು ಪೇಟೆಯ ಕಿರಿದಾದ ಕೋಣೆಗಳಲ್ಲಿ ಮಾಡಬೇಡಿ. ಹೊಗೆ ಹೀರಿ ತೊಳೆಯುವ ಸ್ಕ್ರಬ್ಬರ್ ಇಲ್ಲದೆ ಏಳುವ ಕಂದುಗೆಂಪು ಹೊಗೆ ಶ್ವಾಸಕೋಶಕ್ಕೆ ವಿಷ, ಉಳಿದ ತಾಮ್ರದ ದ್ರಾವಣ ಮೋರಿಗೆ ಬಿಡುವಂಥದ್ದಲ್ಲ. ಬೂದಿಯನ್ನು ರಿಫೈನರಿಗೆ ಕೊಡಿ. ಕೊಡುವಾಗ ಬೂದಿಯ ಮೇಲೇ ಎಕ್ಸ್‌ಆರ್‌ಎಫ್ (ಎಕ್ಸ್-ರೇ ಹಾಯಿಸಿ ಲೋಹದ ಪ್ರಮಾಣ ತೋರಿಸುವ ಯಂತ್ರ) ಹಿಡಿದು ಹೇಳುವ ಅಂಕಿ ಒಪ್ಪಬೇಡಿ; ಅದು ಮೇಲ್ಮೈ ಮಾತ್ರ ನೋಡುತ್ತದೆ, ಪುಡಿ ಒಂದೇ ಸಮ ಇರುವುದಿಲ್ಲ. ನಿಮ್ಮೆದುರೇ ಕರಗಿಸಿ, ಗಟ್ಟಿಯಿಂದ ತೆಗೆದ ಮಾದರಿಗೆ ಫೈರ್ ಅಸ್ಸೇ (ಬೆಂಕಿಯಲ್ಲಿ ಕರಗಿಸಿ ಚಿನ್ನ ಬೇರ್ಪಡಿಸಿ ತೂಗುವ ಪರೀಕ್ಷೆ) ಮಾಡಿಸಬೇಕು.

ಒಂದು ಮಾತು, ಈ ಯಂತ್ರ ಹಿಡಿಯುವುದು ಪಾಲಿಷ್ ಧೂಳನ್ನು ಮಾತ್ರ. ಕೈ ತೊಳೆದ ನೀರು, ಅಲ್ಟ್ರಾಸೋನಿಕ್ ತೊಟ್ಟಿಯ ಸೋಪು ನೀರು, ಸವೆದ ಎಮರಿ ಕಾಗದ, ಒರೆಸಿದ ಬಟ್ಟೆ ಯಾವುದೂ ಇದರ ಲೆಕ್ಕಕ್ಕಿಲ್ಲ. ನೀರಿನಲ್ಲಿರುವ ಚಿನ್ನ ತಳದಲ್ಲಿ ಕೂರಲು ಸಾಲಾಗಿ ಮೂರು ಡ್ರಮ್ಮು ಬೇಕು, ಒಂದರ ಮೇಲಿನ ತಿಳಿ ಮುಂದಿನದಕ್ಕೆ ಇಳಿಯುವಂತೆ.

ಸದ್ದು ಜಾಸ್ತಿ, ಕಿವಿಗೆ ಪ್ಲಗ್ ಬೇಕೇಬೇಕು. ಬೇರಿಂಗ್ ತೆರೆದ ನಮೂನೆಯದಾಗಿದ್ದರೆ ರೂಜ್ ನುಗ್ಗಿ ಬೇಗ ಕೂಗುತ್ತದೆ. ಸೀಲ್ಡ್ ಬೇರಿಂಗ್ ಹಾಕಿಸಿ. ದಿನಕ್ಕೆ ನಾಲ್ಕಾರು ಒಡವೆ ಮಾತ್ರ ಪಾಲಿಷ್ ಮಾಡುವವರಿಗೆ ಒಂದೇ ಸ್ಪಿಂಡಲ್‌ನ ಮೇಜಿನ ಮಾದರಿ ಸಾಕು. ಎರಡು ಕ್ಯಾರೆಟ್‌ನ ಲೆಕ್ಕ ಬೇರೆ ಬೇರೆ ಇಡುವವರಂತೂ ಅಂಥ ಎರಡನ್ನು ಪಕ್ಕಪಕ್ಕ ಇಟ್ಟುಕೊಳ್ಳಲಿ, ಇದು ಬೇಡ.