‘ಒಂದೇ ವರ್ಷದಲ್ಲಿ ಎಂಬಿಎ’ ಅಂತ ಹುಬ್ಬಳ್ಳಿಯಲ್ಲಿ ಯಾರಾದರೂ ಕರೆದರೆ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಒಂದು ವಾರದಿಂದ ಬರೀಬೇಕೋ ಬೇಡವೋ ಅಂತ ಒದ್ದಾಡುತ್ತಿದ್ದೆ. ನಾಚಿಕೆ ಆಗುತ್ತದೆ. ಇಪ್ಪತ್ತು ವರ್ಷದಿಂದ ವ್ಯಾಪಾರ ಮಾಡುವವನು ನಾನು. ಚೀಲಕ್ಕೆ ಕೈ ಹಾಕಿ ಮೆಣಸಿನಕಾಯಿ ಎಷ್ಟು ಒಣಗಿದೆ ಅಂತ ಹೇಳುವವನು. ಅಂಥವನು ಒಂದು ಎಸಿ ರೂಮಿನಲ್ಲಿ ಚಹಾ ಕುಡಿಯುತ್ತಾ ಮೋಸ ಹೋದೆ. ಸುಮ್ನೆ ಇರೋಣ ಅಂದುಕೊಂಡಿದ್ದೆ. ಆದರೆ ನಿನ್ನೆ ವಿದ್ಯಾನಗರದ ಕಡೆ ಹೋಗುವಾಗ ನನ್ನನ್ನು ಸೇರಿಸಿಕೊಂಡ ಅದೇ ಸಂಸ್ಥೆಯ ಬೋರ್ಡ್ ಕಂಡಿತು. ಹೊಸ ಬ್ಯಾಚ್ ಶುರು ಅಂತೆ.

ನಮ್ಮದು ಬ್ಯಾಡಗಿ. ಮೆಣಸಿನಕಾಯಿ ವ್ಯಾಪಾರ, ಜೊತೆಗೆ ಸಣ್ಣ ಖಾರದಪುಡಿ ಮಿಲ್ಲು. ಅಣ್ಣ ಊರಲ್ಲಿ ನೋಡಿಕೊಳ್ಳುತ್ತಾನೆ, ನಾನು ಹುಬ್ಬಳ್ಳಿಯಲ್ಲಿದ್ದು ಮಾರಾಟ ನೋಡುತ್ತೇನೆ. 2024ರ ಮಾರ್ಚಿನಲ್ಲಿ ದರ ಬಿದ್ದು, ಬ್ಯಾಡಗಿ ಎಪಿಎಂಸಿಯಲ್ಲಿ ಕಚೇರಿಗೂ ಗಾಡಿಗಳಿಗೂ ಬೆಂಕಿ ಬಿದ್ದಿದ್ದು ನಿಮಗೂ ನೆನಪಿರುತ್ತದೆ. ಆ ವರ್ಷ ನಮಗೂ ಪೆಟ್ಟು ಬಿತ್ತು. ದರ ಏರಿದರೆ ಹಬ್ಬ, ಇಳಿದರೆ ಅಳು, ಹೀಗೆ ಎಷ್ಟು ದಿನ? ಬಿಸಿನೆಸ್ ಸ್ಟ್ರಾಟಜಿ ಅನ್ನುವುದನ್ನು ಒಮ್ಮೆ ಸರಿಯಾಗಿ ಓದಬೇಕು ಅನ್ನಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಎಂಬಿಎ ಇದೆ, ಗೊತ್ತು. ಆದರೆ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು, ದಿನಾ ಕ್ಲಾಸಿಗೆ ಹೋಗುವುದು ಅಂಗಡಿ ಇರುವವನಿಗೆ ಆಗುವ ಮಾತಲ್ಲ. ವಿದ್ಯಾನಗರದ ಈ ಸಂಸ್ಥೆಯವರು ಭಾನುವಾರ ಮಾತ್ರ ಕ್ಲಾಸ್ ಅಂದರು. ಹೋದೆ.

ಡೆಮೊ ಕ್ಲಾಸ್ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ. ಹಾರ್ವರ್ಡಿನ ಮೈಕೆಲ್ ಪೋರ್ಟರ್ 1979ರಲ್ಲಿ ಹೇಳಿದ, ಒಂದು ಧಂದೆಯ ಲಾಭವನ್ನು ಹಿಂಡುವ ಐದು ಶಕ್ತಿಗಳ ಪಾಠ. ಮೇಷ್ಟ್ರು ನನ್ನ ಕಡೆ ತಿರುಗಿ, "ನಿಮ್ದೇನ್ರಿ ಉದ್ಯೋಗ?" ಅಂದರು. ಹೇಳಿದೆ. ಬೋರ್ಡಿನ ನಡುವೆ ‘ಬ್ಯಾಡಗಿ’ ಅಂತ ಬರೆದು ಸುತ್ತ ಐದು ಬಾಣ ಎಳೆದರು. ಮಾಲು ತರುವ ರೈತ. ಮಾಲು ಕೊಳ್ಳುವ ಮಸಾಲೆ ಕಂಪನಿ, ಕಾಯಿಯಿಂದ ಬಣ್ಣದ ಸತ್ವ (ಓಲಿಯೋರೆಸಿನ್) ತೆಗೆಯುವ ಕಾರ್ಖಾನೆ. ಪಕ್ಕದ ಅಂಗಡಿಯವನು. ಹೊಸದಾಗಿ ಧಂದೆಗೆ ಇಳಿಯುವವನು. ನಮ್ಮ ಕಾಯಿ ಬಿಟ್ಟು ಜನ ಕೊಳ್ಳುವ ಗುಂಟೂರು ಕಾಯಿ. "ನಿಮ್ಮ ಕಾಯಿಗೆ ಖಾರ ಕಡಿಮಿ, ಬಣ್ಣ ಜಾಸ್ತಿ. ಊರಿನ ಹೆಸರು ಕಾಯೋ ಜಿಐ ಟ್ಯಾಗೂ ಐತಿ. ಮತ್ಯಾಕ್ ಗುಂಟೂರಿನವ್ರ ಜೋಡಿ ಖಾರದಾಗ ಜಗಳಕ್ಕ ನಿಲ್ತೀರಿ? ನೀವು ಬಣ್ಣ ಮಾರ್ರಿ" ಅಂದರು. ಇಷ್ಟು ವರ್ಷ ಕೈಯಲ್ಲಿ ಹಿಡಿದ ಮಾಲನ್ನು ಮೊದಲ ಸಲ ನೋಡಿದ ಹಾಗೆ ಆಯಿತು ನನಗೆ. ಆ ಬೋರ್ಡಿನ ಫೋಟೋ ಇನ್ನೂ ಮೊಬೈಲಿನಲ್ಲಿದೆ.

ಆ ಮೇಷ್ಟ್ರನ್ನು ಮತ್ತೆ ನೋಡಲೇ ಇಲ್ಲ.

ಕ್ಲಾಸ್ ಮುಗಿದ ಕೂಡಲೇ ಕೌನ್ಸೆಲರ್ ಮೇಜಿನ ಮುಂದೆ ಕೂರಿಸಿದರು. ಹೊರರಾಜ್ಯದ ಒಂದು ವಿಶ್ವವಿದ್ಯಾಲಯದ ಹೆಸರು, ಒಟ್ಟು 1,40,000 ರೂಪಾಯಿ. "ಎರಡು ವರ್ಷದ್ದು ಒಂದೇ ವರ್ಷದಾಗ ಮುಗಸ್ತೀವ್ರಿ ಸರ್." ಅಲ್ಲೇ ಎದ್ದು ಬರಬೇಕಿತ್ತು. 40,000 ಯುಪಿಐ ಮಾಡಿದೆ. ಉಳಿದದ್ದು ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿ ಇಲ್ಲದ ತಿಂಗಳ ಕಂತು ಅಂದರು. "ಒಂದು ಓಟಿಪಿ ಬರ್ತೈತಿ, ಹೇಳ್ರಿ ಸರ್." ಹೇಳಿದೆ. ಇನ್ನೊಂದು ಬಂತು. ಅದನ್ನೂ ಹೇಳಿದೆ. ಚಹಾ ತಣ್ಣಗಾಗುವಷ್ಟರಲ್ಲಿ ಒಂದು ಫೈನಾನ್ಸ್ ಕಂಪನಿಯಲ್ಲಿ ನನ್ನ ಹೆಸರಿಗೆ ಲಕ್ಷ ರೂಪಾಯಿ ಸಾಲ ಆಗಿತ್ತು. ಫೀ ಕಂತು ಅಂದುಕೊಂಡಿದ್ದೆ ನಾನು. ಅದು ಸಾಲ. ದುಡ್ಡು ಪೂರ್ತಿ ಅವರಿಗೆ ಅವತ್ತೇ ಹೋಗಿದೆ, ತೀರಿಸುವವನು ನಾನು. ಬಿ.ಕಾಂ ಒರಿಜಿನಲ್ ಮಾರ್ಕ್ಸ್‌ಕಾರ್ಡನ್ನೂ ವೆರಿಫಿಕೇಶನ್ ಅಂತ ಇಟ್ಟುಕೊಂಡರು.

ಮೊದಲ ಭಾನುವಾರ ಟಿವಿ ಹಚ್ಚಿದರು. ಯಾರದೋ ರೆಕಾರ್ಡ್ ಮಾಡಿದ ಪಾಠ. ಮೂಲೆಯಲ್ಲಿದ್ದ ಹೆಸರನ್ನು ಮಸುಕು ಮಾಡಿದ್ದರು. ಎರಡನೇ ಭಾನುವಾರವೂ ಟಿವಿ. ಮೇಷ್ಟ್ರು ಎಲ್ಲಿ ಅಂದರೆ, "ಬೆಂಗಳೂರಿಗೆ ಹೋಗ್ಯಾರ್ರಿ, ಮುಂದಿನ ವಾರ ಬರ್ತಾರ." ಮೂರನೇ ವಾರವೂ ಅದೇ ಮಾತು. ನಾಲ್ಕನೇ ವಾರವೂ ಅದೇ. ಆಮೇಲೆ ಸ್ಟ್ರಾಟಜಿ ಅಸೈನ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪಿಗೆ ಬಂತು, ಉತ್ತರದ ಸಮೇತ. ನೋಡಿ ಬರೆದು ಕಳಿಸಿ ಅಷ್ಟೇ ಅಂದರು. ನಾನು ಬರೆಯಲಿಲ್ಲ. ಕೆಳಗೆ ಹೋಗಿ, ಇದಕ್ಕೇನಾ ನಾನು ದುಡ್ಡು ಕಟ್ಟಿದ್ದು, ಕೇಸ್ ಸ್ಟಡಿ ಎಲ್ಲಿ, ಚರ್ಚೆ ಎಲ್ಲಿ ಅಂತ ಕೇಳಿದೆ. ಕೌನ್ಸೆಲರ್ ತಲೆ ಎತ್ತದೆ ಹೇಳಿದ:

"ಸರ್, ನಿಮಗ ಸರ್ಟಿಫಿಕೇಟ್ ಬೇಕೋ, ಪಾಠ ಬೇಕೋ?"

ನನಗೆ ಪಾಠ ಬೇಕಿತ್ತು. ಸರ್ಟಿಫಿಕೇಟ್ ತಗೊಂಡು ನಾನೇನು ನೌಕರಿಗೆ ಹೋಗಬೇಕಾ? ಬಾಯಿಂದ ಮಾತೇ ಬರಲಿಲ್ಲ. ಎದ್ದು ಬಂದುಬಿಟ್ಟೆ.

ಆ ಸರ್ಟಿಫಿಕೇಟೂ ಇಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಅಕ್ಕನ ಮಗಳು ಧಾರವಾಡದಲ್ಲಿ ಎಂ.ಕಾಂ ಓದುತ್ತಾಳೆ. ಊಟಕ್ಕೆ ಬಂದಾಗ, "ಮಾಮಾ, ನಿನ್ನ ಡಿಇಬಿ ಐಡಿ ಎಲ್ಲೈತಿ?" ಅಂದಳು. ನನಗೆ ಆ ಹೆಸರೇ ಗೊತ್ತಿರಲಿಲ್ಲ. 2024ರಿಂದ ದೂರಶಿಕ್ಷಣಕ್ಕೆ, ಆನ್‌ಲೈನ್ ಕೋರ್ಸಿಗೆ ಸೇರುವವರು ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಯುಜಿಸಿಯ ದೂರಶಿಕ್ಷಣ ವಿಭಾಗ ಡಿಇಬಿಯ ಪೋರ್ಟಲ್‌ನಲ್ಲಿ ತಾವೇ ಆ ಐಡಿ ಮಾಡಿಕೊಳ್ಳಬೇಕು. ಅದಿಲ್ಲದೆ ಅಡ್ಮಿಶನ್ನೇ ಇಲ್ಲ. ಅವರು ಕಳಿಸಿದ್ದ ಎನ್‌ರೋಲ್‌ಮೆಂಟ್ ಫೋಟೋ ತೋರಿಸಿದೆ. ಬೆರಳಿನಿಂದ ಹಿಗ್ಗಿಸಿ ನೋಡಿ ಸುಮ್ಮನಾದಳು. ಸೇರಿದ ವರ್ಷ 2023 ಅಂತಿತ್ತು. ನಾನು ಸೇರಿದ್ದು 2025ರ ಆಗಸ್ಟಿನಲ್ಲಿ.

ಒಂದೇ ವರ್ಷದಲ್ಲಿ ಮುಗಿಸ್ತೀವಿ ಅಂದರೆ ಇದು. ಹಿಂದಿನ ತಾರೀಖು ಹಾಕಿ ಸೇರಿಸೋದು. ಆ ಹುಡುಗಿಯ ಮುಂದೆ ತಲೆ ಎತ್ತಿ ಊಟ ಮಾಡಲು ಆಗಲಿಲ್ಲ ನನಗೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ತೆಗೆದು, 2018ರಲ್ಲಿ ಮತ್ತೆ ಕೊಡುವವರೆಗೆ ನಮ್ಮ ಕಡೆ ಹುಡುಗರು ಎಷ್ಟು ಪರದಾಡಿದರು ಅಂತ ಕಣ್ಣಾರೆ ಕಂಡವನು ನಾನು. ಆದರೂ ಮಾನ್ಯತೆ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ.

ಆ ಸಂಸ್ಥೆಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ. ಡಿಇಬಿ ಐಡಿ? "ಅದು ಹೊಸ ಬ್ಯಾಚಿಗೆ ಸರ್, ನಿಮ್ದು ಹಳೇ ಬ್ಯಾಚು." ನಾನು ಹಳೇ ಬ್ಯಾಚು ಹೇಗಾದೆ? "ನಿಮಗ ಅನುಕೂಲ ಆಗ್ಲಿ ಅಂತನ ಮಾಡೇವ್ರಿ." ದುಡ್ಡು ವಾಪಸ್ ಕೊಡಿ. "ಯುಜಿಸಿ ರೂಲ್ ಪ್ರಕಾರ 30 ದಿನ ದಾಟಿದ್ರ ರೀಫಂಡ್ ಇಲ್ರಿ." ಈ ಮಾತಿಗೆ ಮೈ ಉರಿಯಿತು. ಪ್ರವೇಶದ ಕೊನೇ ದಿನದಿಂದ 30 ದಿನ ಕಳೆದ ಮೇಲೆ ಫೀ ವಾಪಸಿಲ್ಲ ಅಂತ ಯುಜಿಸಿಯ 2018ರ ಆದೇಶದಲ್ಲಿ ಇರುವುದು ನಿಜ. ಮುಂದಿನ ವಾರ, ಮುಂದಿನ ವಾರ ಅಂತ ನಾಲ್ಕು ವಾರ ಎಳೆದದ್ದು ಯಾಕೆ ಅಂತ ಆಗ ತಿಳಿಯಿತು. ಆದರೆ ಅದೇ ಆದೇಶದಲ್ಲಿ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳಬಾರದು ಅಂತಲೂ ಇದೆ, ಅದನ್ನು ಹೇಳಲಿಲ್ಲ. ಆನ್‌ಲೈನ್, ದೂರಶಿಕ್ಷಣ ಕೋರ್ಸನ್ನು ಹೊರಗಿನವರಿಗೆ ಫ್ರಾಂಚೈಸಿ ಕೊಟ್ಟು ನಡೆಸುವಂತಿಲ್ಲ ಅಂತ 2020ರ ನಿಯಮ ಇದೆ, ಅದನ್ನೂ ಹೇಳಲಿಲ್ಲ. ರಸೀದಿ ತೆಗೆದು ನೋಡಿದರೆ ವಿಶ್ವವಿದ್ಯಾಲಯದ ಹೆಸರೇ ಇಲ್ಲ. ‘ಸರ್ವಿಸ್ ಚಾರ್ಜ್’ ಅಂತ ಅಷ್ಟೇ.

ಮಾರ್ಕ್ಸ್‌ಕಾರ್ಡ್ ಮಾತ್ರ ವಾಪಸ್ ಬಂತು, ಅದೂ ಅಣ್ಣನನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತ ಮೇಲೆ. ದುಡ್ಡು ಬಂದಿಲ್ಲ. 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ವಕೀಲರ ಹತ್ತಿರ ಕಾಗದ ಕೊಟ್ಟಿದ್ದೇನೆ. ಸಾಲದ ಕಂತು ಪ್ರತಿ ತಿಂಗಳು 5ಕ್ಕೆ ಖಾತೆಯಿಂದ ಕಡಿತ ಆಗುತ್ತಲೇ ಇದೆ.

ಸೇರುವವರು ಡಿಇಬಿ ಪೋರ್ಟಲ್‌ನಲ್ಲಿ ಆ ವಿಶ್ವವಿದ್ಯಾಲಯದ ಹೆಸರು, ಆ ಕೋರ್ಸಿನ ಹೆಸರು ಎರಡೂ ಇವೆಯಾ ನೋಡಿ. ಫೀ ನೇರ ವಿಶ್ವವಿದ್ಯಾಲಯದ ಖಾತೆಗೆ ಕಟ್ಟಿ. ಓಟಿಪಿ ಹೇಳುವ ಮೊದಲು ಮೆಸೇಜು ಪೂರ್ತಿ ಓದಿ. ಡೆಮೊ ಮಾಡಿದವರೇ ಪಾಠ ಮಾಡ್ತಾರಾ ಅಂತ ಬರವಣಿಗೆಯಲ್ಲಿ ಕೇಳಿ. ಇಷ್ಟು ಮಾಡಿದ್ದರೆ ನಾನು ಉಳಿಯುತ್ತಿದ್ದೆ.

ಇನ್ನೊಂದು ಮಾತು. ನಮ್ಮ ಬ್ಯಾಚಿನಲ್ಲಿ ಗದಗಿನಿಂದ ಬರುತ್ತಿದ್ದ ಒಬ್ಬ ಅಕ್ಕಾರು ಇದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಮಗನನ್ನು ತವರಲ್ಲಿ ಬಿಟ್ಟು ಬಸ್ ಹತ್ತುತ್ತಿದ್ದರು. ಟಿವಿಯಲ್ಲಿ ಬಂದ ಪಾಠವನ್ನೂ ಒಂದಕ್ಷರ ಬಿಡದೆ ನೋಟ್ಸ್ ಬರೆಯುತ್ತಿದ್ದರು. ನಾನು ಅವತ್ತು ಅವರಿಗೆ ಹೇಳದೆ ಎದ್ದು ಬಂದೆ, ನಂಬರೂ ತಗೊಂಡಿರಲಿಲ್ಲ. ಅಕ್ಕಾರ, ಇದು ನಿಮ್ಮ ಕಣ್ಣಿಗೆ ಬಿದ್ದರೆ ನಿಮ್ಮ ಎನ್‌ರೋಲ್‌ಮೆಂಟ್ ಕಾಗದದಲ್ಲಿ ಯಾವ ವರ್ಷ ಇದೆ ಅಂತ ಇವತ್ತೇ ನೋಡಿಕೊಳ್ಳಿ. ಮಾರ್ಕ್ಸ್‌ಕಾರ್ಡ್ ವಾಪಸ್ ಕೇಳಿ. ಒಬ್ಬರೇ ಹೋಗಬೇಡಿ.